ನೀರಮಾನ್ವಿಯ ಮೊರೆ

ಕೃಷ್ಣೆಗೂ ತುಂಗಭದ್ರೆಗೂ ನಡುವೆ ಇರುವ ಸೀಮೆಯನ್ನು ಪ್ರಾಚೀನ ಶಾಸನಗಳು ಎಡೆದೊರೆನಾಡು ಎಂದು ಕರೆಯುತ್ತವೆ. ಎರಡು ತೊರೆಗಳ ಎಡೆಯಲ್ಲಿರುವ ನಾಡು ಎಂಬುದೇ ಆ ಹೆಸರಿನ ಅರ್ಥ. ಹೆಸರನ್ನು ಮಾತ್ರ ಕೇಳಿದವರು ಇದು ತೆಂಗು ಬಾಳೆಗಳ ತಂಪಾದ ನಾಡಾಗಿರಬೇಕೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ರಾಯಚೂರಿನ ನಿಲ್ದಾಣದಲ್ಲಿ ರೈಲಿನಿಂದ ಇಳಿದು, ಬೇಸಗೆಯ ಬಿಸಿಲಿನಲ್ಲಿ ನಾಲ್ಕು ಹೆಜ್ಜೆ ನಡೆದವರಿಗೆ ನಿಜಸ್ಥಿತಿಯು ತಾನಾಗಿಯೇ ತಿಳಿಯುತ್ತದೆ. ಉತ್ತರಕ್ಕೊಂದು ಮಹಾನದಿ, ದಕ್ಷಿಣಕ್ಕೊಂದು ಮಹಾನದಿ. ನಡುವೆ ಮಾತ್ರ ಬಾಯಾರಿದ ನೆಲ! ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸಿನಲ್ಲಿ ಬೀಳುವ ಮಳೆಯನ್ನು ನಂಬಿ ಬದುಕಿದ ಜನರಿಗೆ ಆಕಾಶವನ್ನು ನೋಡುವುದೂ ದೇವರನ್ನು ನೆನೆಯುವುದೂ ಬೇರೆಬೇರೆ ಕೆಲಸಗಳಲ್ಲ. ಕಷ್ಟಕಾಲದಲ್ಲಿ ದೇವರನ್ನು ನಂಬುವುದೆಂದರೇನು, ಪ್ರಾರ್ಥನೆಗೆ ಉತ್ತರ ಬರುವುದೆಂದರೇನು ಎಂಬ ಪ್ರಶ್ನೆಗಳನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಇಂತಹ ಸೀಮೆಯಲ್ಲಿ ತಿರುಗಾಡಿ ಅರಿಯುವುದು ಮೇಲೆಂದು ತೋರುವುದರಿಂದ, ನೀರಮಾನ್ವಿಯ ವಿಷಯವಾಗಿ ಕೆಲವು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇವೆ.

ರಾಯಚೂರು ಹಳೆಯ ಊರು. ಅಲ್ಲಿಯ ಕೋಟೆಯ ಗೋಡೆಯಲ್ಲಿ 1294ನೆಯ ಇಸವಿಯ ಶಾಸನವನ್ನು ಹೊತ್ತ ಬಲು ಉದ್ದವಾದ ಕಲ್ಲೊಂದು ಉಂಟು. 1520ರಲ್ಲಿ ಕೃಷ್ಣದೇವರಾಯನು ವಿಜಾಪುರದ ಆದಿಲಶಾಹಿಯನ್ನು ಸೋಲಿಸಿದ್ದು ಈ ಕೋಟೆಗಾಗಿಯೇ. ಎಷ್ಟೋ ರಾಜರ ಸೈನ್ಯಗಳು ಈ ಎರೆಭೂಮಿಯನ್ನು ತುಳಿದು ಹೋದವು. 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಿದ್ದಿತು; 1956ರ ನವೆಂಬರ್ 1ರಂದು ಈ ಸೀಮೆಯು ಕನ್ನಡಿಗರ ಒಂದೇ ರಾಜ್ಯದೊಳಗೆ ಬಂದು ಸೇರಿತು. ಒಡೆಯರು ಬದಲಾದರೂ ಒಕ್ಕಲಿಗನ ಚಿಂತೆ ಮಾತ್ರ ಬದಲಾಗಲಿಲ್ಲ. ಮಳೆ ಬಂದೀತೇ, ಬೆಳೆ ಕೈಗೆ ಹತ್ತೀತೇ, ಸಾಲ ತೀರೀತೇ ಎಂಬ ಮೂರು ಮಾತುಗಳೇ ಇಲ್ಲಿಯ ಮನೆಮನೆಯ ಪ್ರಾರ್ಥನೆ.

ರಾಯಚೂರಿನಿಂದ ಮಾನ್ವಿಯ ಕಡೆಗೆ ಹೊರಟ ಬಸ್ಸಿನ ಕಿಟಕಿಯಿಂದ ನೋಡಿದರೆ ಕಣ್ಣಿಗೆ ಮೊದಲು ಬೀಳುವುದು ನೆಲದ ಬಣ್ಣ. ಎಲ್ಲಿ ನೋಡಿದರೂ ಕಪ್ಪು ಎರೆ. ಅಲ್ಲಲ್ಲಿ ಕೆಂಪು ಮಸಾರಿ. ದೂರದಲ್ಲಿ ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ತೋರುವ ಬೋಳು ಗುಡ್ಡಗಳು. ಹತ್ತಿ, ತೊಗರಿ, ಜೋಳದ ಹೊಲಗಳು ಸಾಲಾಗಿ ಹಿಂದೆ ಸರಿಯುತ್ತವೆ. ಕಾಲುವೆಯ ನೀರು ಮುಟ್ಟಿದ ಕಡೆ ಮಾತ್ರ ಭತ್ತದ ಗದ್ದೆಗಳು ಹಸುರಾಗಿ ನಗುತ್ತವೆ. ಒಂದೇ ರಸ್ತೆಯ ಒಂದು ಮಗ್ಗುಲಿನಲ್ಲಿ ನೀರುಂಟು, ಮತ್ತೊಂದು ಮಗ್ಗುಲಿನಲ್ಲಿ ಇಲ್ಲ. ದೈವದ ಹಂಚಿಕೆ ಹೀಗೇಕೆಂದು ಕೇಳಬೇಕೆನಿಸುವುದು ಸಹಜ. ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾವು ನೀರಮಾನ್ವಿಯನ್ನು ಸೇರುತ್ತೇವೆ.

ನೀರಮಾನ್ವಿಯು ಮಾನ್ವಿ ಪಟ್ಟಣಕ್ಕೆ ಸಮೀಪದ ಒಂದು ಗ್ರಾಮ. ಈ ಊರು ಹೆಸರಾಗಿರುವುದು ಅಲ್ಲಿಯ ಯಲ್ಲಮ್ಮದೇವಿಯಿಂದ. ಸವದತ್ತಿಯ ಗುಡ್ಡಕ್ಕೆ ಹೋಗುವಷ್ಟು ಕಾಲವೂ ಹಣವೂ ಇಲ್ಲದ ಸುತ್ತಣ ಹಳ್ಳಿಗಳ ಬಡವರಿಗೆ ಇಲ್ಲಿಯ ತಾಯಿಯೇ ಆಸರೆ. ಜಾತ್ರೆಯ ದಿನಗಳಲ್ಲಿ ಬಂಡಿಗಳೂ ಟ್ರ್ಯಾಕ್ಟರುಗಳೂ ಬಸ್ಸುಗಳೂ ಜನರನ್ನು ತಂದಿಳಿಸುತ್ತವೆ. ಚೌಡಿಕೆಯ ನಾದ, ಭಂಡಾರದ ಹಳದಿ, ಬೇವಿನ ಸೊಪ್ಪಿನ ಕಹಿಗಂಪು, ‘ಉಧೋ ಉಧೋ’ ಎಂಬ ಕೂಗು, ಇವುಗಳ ನಡುವೆ ಮನುಷ್ಯನ ಸಂಕಟಗಳೆಲ್ಲ ಒಂದೆಡೆ ನೆರೆದಂತೆ ತೋರುವುದು. ಜಾತ್ರೆಯಿಲ್ಲದ ದಿನಗಳಲ್ಲಿ, ವಿಶೇಷವಾಗಿ ಮಂಗಳವಾರ ಶುಕ್ರವಾರಗಳಲ್ಲಿ, ಹೆಂಗಸರು ಉಡಿ ತುಂಬುವುದಕ್ಕಾಗಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಕುಪ್ಪಸದ ಕಣಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುವ ನೋಟವು ಜಾತ್ರೆಗಿಂತಲೂ ಮನಸ್ಸನ್ನು ಕರಗಿಸತಕ್ಕದ್ದು.

ಈ ದೇವಿಯ ಕಥೆಯನ್ನು ನಮ್ಮ ಮನೆಗಳಲ್ಲಿ ಕೇಳದವರಿಲ್ಲ. ರೇಣುಕೆಯು ಜಮದಗ್ನಿಮುನಿಯ ಪತ್ನಿ. ಹಸಿಯ ಮರಳಿನಿಂದ ಕೊಡವನ್ನು ಮಾಡಿ, ಹಾವನ್ನು ಸಿಂಬಿಯಾಗಿ ಸುತ್ತಿ ತಲೆಯ ಮೇಲಿಟ್ಟುಕೊಂಡು, ಆಕೆ ಪ್ರತಿದಿನವೂ ಹೊಳೆಯಿಂದ ನೀರು ತರುತ್ತಿದ್ದಳಂತೆ. ಒಂದು ದಿನ ಮನಸ್ಸು ಕ್ಷಣಮಾತ್ರ ಚಲಿಸಲು ಮರಳಿನ ಕೊಡವು ಕರಗಿಹೋಯಿತು. ಗಂಡನ ಕೋಪ, ಮಗನ ಕೊಡಲಿ, ಆ ಮೇಲೆ ಅದೇ ಮಗನು ಬೇಡಿದ ವರದಿಂದ ಮರಳಿ ಪ್ರಾಣ—ಹೀಗೆ ಆ ಕಥೆಯು ಸಾಗುತ್ತದೆ. ನೀರಿನ ಕೊಡಕ್ಕಾಗಿ ಪ್ರತಿದಿನವೂ ದೂರ ನಡೆಯುವ ಹೆಂಗಸಿಗೆ, ನೀರಿನ ಕೊಡದಿಂದಲೇ ಕಷ್ಟಕ್ಕೊಳಗಾದ ದೇವಿಯು ಹತ್ತಿರದವಳಾಗಿ ಕಾಣುವುದರಲ್ಲಿ ವಿಚಿತ್ರವೇನು? ಸುಖದಲ್ಲಿ ಹುಟ್ಟಿ ಸುಖದಲ್ಲಿ ಬೆಳೆದ ದೇವರ ಮುಂದೆ ನಮ್ಮ ಕಷ್ಟವನ್ನು ಹೇಳಿಕೊಳ್ಳಲು ಸಂಕೋಚವಾಗಬಹುದು. ತಾನೇ ಅನ್ಯಾಯವನ್ನುಂಡ ತಾಯಿಯ ಮುಂದೆ ಬಾಯಿ ಬಿಡಲು ಸಂಕೋಚವಿಲ್ಲ. ನಂಬಿಕೆಯ ಮೊದಲನೆಯ ಮೆಟ್ಟಿಲು ಇದೇ: ನಮ್ಮ ಸಂಕಟವನ್ನು ಬಲ್ಲವರು ಒಬ್ಬರಿದ್ದಾರೆ ಎಂಬ ಧೈರ್ಯ.

ಗುಡಿಯ ಅಂಗಳದಲ್ಲಿ ಹಡ್ಡಲಿಗೆಯನ್ನು ಮುಂದಿಟ್ಟುಕೊಂಡು ಕುಳಿತಿದ್ದ ಮುದುಕಿಯೊಬ್ಬಳನ್ನು ನಾವು ಮಾತನಾಡಿಸಿದೆವು. ಅವಳ ಮಗನೂ ಸೊಸೆಯೂ ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುತ್ತಿರುವರಂತೆ. ಮೊಮ್ಮಕ್ಕಳಿಬ್ಬರನ್ನು ನೋಡಿಕೊಂಡು ಇವಳು ಊರಲ್ಲಿರುವಳು.

“ಯವ್ವಾ, ದೇವಿಗೆ ಏನು ಕೇಳಿಕೊಂಡಿ?” ಎಂದೆವು.

“ಏನ್ ಕೇಳ್ಲೀ ಯಪ್ಪಾ? ಮಳಿ ಕೊಡು ಅಂದೆ, ಮಗ ಮನಿಗಿ ಬರ್ಲಿ ಅಂದೆ,” ಎಂದಳು.

“ಕೊಡದಿದ್ದರೆ?”

ಮುದುಕಿಯು ನಮ್ಮನ್ನು ಮಕ್ಕಳನ್ನು ನೋಡುವಂತೆ ನೋಡಿ ನಕ್ಕಳು. “ಕೇಳೂದು ನಂದು, ಕೊಡೂದು ಆಕೀದು. ಕೊಟ್ರ ಉಣ್ತೀನಿ. ಕೊಡ್ಲಿಲ್ಲಂದ್ರ ಆಕೀ ಮನ್ಯಾಗ ಕುಂದರ್ತೀನಿ. ಬ್ಯಾರೆ ಎಲ್ಲಿಗಿ ಹೋಗ್ಲಿ?”

ಎಷ್ಟೋ ಗ್ರಂಥಗಳು ವಿಸ್ತಾರವಾಗಿ ಹೇಳುವುದನ್ನು ಆಕೆ ನಾಲ್ಕು ಮಾತಿನಲ್ಲಿ ಹೇಳಿಬಿಟ್ಟಳು. ಕೊಟ್ಟರೂ ಆಕೆಯ ಮನೆ, ಕೊಡದಿದ್ದರೂ ಆಕೆಯ ಮನೆ. ಬೇಡಿಕೆಯು ಈಡೇರಿದಾಗ ಮಾತ್ರ ಉಳಿಯುವ ಭಕ್ತಿಯು ವ್ಯಾಪಾರವೇ ಹೊರತು ಭರವಸೆಯಲ್ಲ. ಅಂಗಡಿಯವನು ಸಾಮಾನು ಕೊಡದಿದ್ದರೆ ಮುಂದಿನ ಅಂಗಡಿಗೆ ಹೋಗುತ್ತೇವೆ. ತಾಯಿಯು ಕೊಡದಿದ್ದರೆ ಮನೆ ಬಿಟ್ಟು ಹೋಗುತ್ತೇವೆಯೆ?

ಆದರೆ ಗುಡಿಗೆ ಬರುವವರೆಲ್ಲರ ಮನಸ್ಸೂ ಈ ಮುದುಕಿಯ ಮನಸ್ಸಿನಂತಿರುವುದೆಂದು ಹೇಳಲಾಗದು. ಕಷ್ಟವು ಬಂದಾಗ ಮನುಷ್ಯನಿಗೆ ಒಪ್ಪಂದ ಮಾಡಿಕೊಳ್ಳುವ ಬುದ್ಧಿ ಹುಟ್ಟುತ್ತದೆ. “ಮಗುವಿನ ಜ್ವರ ಬಿಡಲಿ, ಇಂಥದನ್ನು ಕೊಡುತ್ತೇನೆ” ಎಂಬ ಹರಕೆಯು ಎಲ್ಲ ಮತಗಳಲ್ಲಿಯೂ ಉಂಟು. ಅದೇ ಸೀಮೆಯಲ್ಲಿ ಮೊಹರಮ್ಮಿನ ಆಲಾಯಿ ಕುಣಿಯ ಮುಂದೆ ಹಿಂದುಗಳೂ ಸಕ್ಕರೆ ಓದಿಸುತ್ತಾರೆ. ಒಂದು ತೆಂಗಿನಕಾಯಿ, ಒಂದು ಸೀರೆ, ಐದು ಮಂದಿಗೆ ಊಟ—ಇಂತಹ ಹರಕೆಯು ಕೃತಜ್ಞತೆಯ ಗುರುತಾದುದರಿಂದ ಅದನ್ನು ಹಳಿಯಬೇಕಾದುದಿಲ್ಲ. ಕಷ್ಟಗಾಲದಲ್ಲಿ ಆಡಿದ ಮಾತನ್ನು ಸುಖಕಾಲದಲ್ಲಿ ನೆನೆದು ನಡೆಸುವುದು ಒಳ್ಳೆಯ ಶಿಕ್ಷಣವೇ ಸರಿ.

ಹರಕೆಯು ದಾರಿ ತಪ್ಪುವುದು ಎಲ್ಲಿ ಎಂದರೆ, ನಮ್ಮದಲ್ಲದ ವಸ್ತುವನ್ನು ಕೊಡುವೆವೆಂದು ಹೇಳುವಲ್ಲಿ. ಯಲ್ಲಮ್ಮನ ಹೆಸರಿನಲ್ಲಿ ಈ ಕಡೆಯ ಬಡ ಕುಟುಂಬಗಳು ತಲೆತಲಾಂತರದಿಂದ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿ ಅವರನ್ನು ದೇವದಾಸಿಯರನ್ನಾಗಿ ಮಾಡುತ್ತಿದ್ದುದನ್ನು ವಾಚಕರು ಬಲ್ಲರು. ಮನೆಯಲ್ಲಿ ರೋಗ, ತಲೆಯಲ್ಲಿ ಜಡೆ, ಗಂಡುಸಂತಾನವಿಲ್ಲದ ಕೊರಗು, ಬರಗಾಲದ ಹಸಿವು—ಇವುಗಳಲ್ಲಿ ಯಾವುದೋ ಒಂದು ಕಷ್ಟಕ್ಕೆ ಪರಿಹಾರವೆಂದು ಏನೂ ಅರಿಯದ ಬಾಲೆಯ ಬಾಳನ್ನು ಒತ್ತೆಯಿಟ್ಟರು. ಮೇಲುಜಾತಿಯವರು ಇದರಿಂದ ಲಾಭ ಪಡೆದರು. ದುಃಖವನ್ನುಂಡವರು ಬಹುಮಟ್ಟಿಗೆ ದಲಿತರ ಮನೆಯ ಹೆಣ್ಣುಮಕ್ಕಳು. 1982ರಲ್ಲಿ ಕರ್ನಾಟಕವು ಕಾಯಿದೆಯೊಂದನ್ನು ಮಾಡಿ, ಹುಡುಗಿಯ ಒಪ್ಪಿಗೆಯಿರಲಿ ಇಲ್ಲದಿರಲಿ, ಇಂತಹ ಸಮರ್ಪಣೆಯು ಅಪರಾಧವೆಂದು ಸಾರಿತು. ದೇವಾಲಯದ ಆವರಣದಲ್ಲಿ ಪ್ರಾಣಿಬಲಿ ಕೂಡದೆಂದು 1959ರಲ್ಲಿಯೇ ಕಾಯಿದೆಯಾಗಿದ್ದಿತು. ಕಾಯಿದೆಯು ಕೈಯನ್ನು ಕಟ್ಟಬಲ್ಲುದು; ಬುದ್ಧಿಯನ್ನು ತಿದ್ದುವ ಕೆಲಸ ಮನೆಯ ಹಿರಿಯರದು. ದೇವರು ಪ್ರಾರ್ಥನೆಗೆ ಉತ್ತರ ಕೊಡುವನೆಂದು ನಂಬುವವನು, ಆ ಉತ್ತರಕ್ಕೆ ದೇವರು ಒಂದು ಮಗುವಿನ ಬಾಳನ್ನು ಬೆಲೆಯಾಗಿ ಕೇಳುವನೆಂದು ಹೇಗೆ ನಂಬಿಯಾನು?

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ನೀರಮಾನ್ವಿಯಿಂದ ಮುಂದೆ ಮಾನ್ವಿಗೆ ಬಂದರೆ ಸಾಕು.

ಮಾನ್ವಿಯು ಜಗನ್ನಾಥದಾಸರ ಊರು. ಹರಿಕಥಾಮೃತಸಾರವೆಂಬ ಮಹಾಗ್ರಂಥವನ್ನು ಭಾಮಿನೀ ಷಟ್ಪದಿಯಲ್ಲಿ ರಚಿಸಿದ ಈ ಮಹನೀಯರು 1728ರಲ್ಲಿ ಮಾನ್ವಿಯ ಸೀಮೆಯ ಬ್ಯಾಗವಾಟ ಗ್ರಾಮದಲ್ಲಿ ಹುಟ್ಟಿ, 1809ರಲ್ಲಿ ಮಾನ್ವಿಯಲ್ಲಿ ದೇಹವನ್ನು ಬಿಟ್ಟರು. ಅವರಿದ್ದ ಮನೆಯ ಸ್ತಂಭವೊಂದರಲ್ಲಿ ಅವರ ಸನ್ನಿಧಾನವಿದೆಯೆಂದು ಭಕ್ತರು ಇಂದಿಗೂ ಪೂಜಿಸುವರು. ವಿಶಾಲ ಗೋಪುರವನ್ನೋ ಚಿನ್ನದ ಕಲಶವನ್ನೋ ನಿರೀಕ್ಷಿಸಿ ಬಂದವರಿಗೆ ಕಾಣಸಿಗುವುದು ಒಂದು ಕಂಬ! ಮನೆಯ ಭಾರವನ್ನು ಹೊತ್ತು ನಿಂತ ಕಂಬದಲ್ಲಿ ಭಗವದ್ಭಕ್ತನನ್ನು ಕಾಣುವ ಈ ಪದ್ಧತಿಯು ಗೃಹಸ್ಥರಿಗೆ ಬಹಳ ಸಮಂಜಸವಾಗಿ ತೋರುವುದು.

ದಾಸರ ಪೂರ್ವಾಶ್ರಮದ ಹೆಸರು ಶ್ರೀನಿವಾಸಾಚಾರ್ಯರು. ದೊಡ್ಡ ಸಂಸ್ಕೃತ ವಿದ್ವಾಂಸರು. ಕನ್ನಡದಲ್ಲಿ ಹಾಡುತ್ತ ಊರೂರು ತಿರುಗುವ ದಾಸರೆಂದರೆ ಅವರಿಗೆ ಲಕ್ಷ್ಯವಿರಲಿಲ್ಲ. ಪರಂಪರೆಯು ಹೇಳುವ ಕಥೆ ಹೀಗಿದೆ: ವಿಜಯದಾಸರು ಊಟಕ್ಕೆ ಕರೆದಾಗ ಆಚಾರ್ಯರು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರು. ನೆಪವು ನಿಜವಾಯಿತು. ಔಷಧಗಳಿಗೆ ಬಗ್ಗದ ಉದರವ್ಯಾಧಿಯಿಂದ ಬಳಲಿ, ಮಂತ್ರಾಲಯಕ್ಕೆ ಹೋಗಿ ರಾಘವೇಂದ್ರಸ್ವಾಮಿಗಳ ಬೃಂದಾವನದ ಮುಂದೆ ಸೇವೆ ಮಾಡಿದರು. ಅಲ್ಲಿ ಸ್ವಪ್ನದಲ್ಲಿ ದೊರೆತ ಅಪ್ಪಣೆ ಏನು? ‘ನೀನು ಯಾರನ್ನು ಹೀನೈಸಿದೆಯೋ ಅವರಲ್ಲಿಗೇ ಹೋಗು’ ಎಂಬರ್ಥದ್ದು. ವಿಜಯದಾಸರಲ್ಲಿಗೆ ಹೋದರೆ ಅವರು ತಮ್ಮ ಶಿಷ್ಯರಾದ ಗೋಪಾಲದಾಸರಲ್ಲಿಗೆ ಕಳುಹಿಸಿದರು. ಗೋಪಾಲದಾಸರು ಜೋಳದ ರೊಟ್ಟಿಯನ್ನು ಅಭಿಮಂತ್ರಿಸಿ ಕೊಟ್ಟು ವ್ಯಾಧಿಯನ್ನು ಕಳೆದರು. ಅಷ್ಟೇ ಅಲ್ಲದೆ, ಅಲ್ಪಾಯುಷಿಯಾಗಿದ್ದ ಆಚಾರ್ಯರಿಗೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದರು. ಅನಂತರ ಪಂಢರಪುರದ ಚಂದ್ರಭಾಗೆಯಲ್ಲಿ ಆಚಾರ್ಯರಿಗೆ ಜಗನ್ನಾಥವಿಠ್ಠಲ ಎಂಬ ಅಂಕಿತವು ದೊರೆಯಿತು.

ಈ ಕಥೆಯನ್ನು ಪವಾಡವೆಂದು ನಂಬುವವರು ನಂಬಲಿ. ಉಳಿದವರು ಅದರ ತಿರುಳನ್ನಾದರೂ ಗ್ರಹಿಸಲಿ. ರೋಗಿಯು ದೇವರನ್ನು ಆರೋಗ್ಯಕ್ಕಾಗಿ ಬೇಡಿದನು. ಉತ್ತರವು ಬಂದುದೇನೋ ನಿಜ. ಆದರೆ ಅದು ಕೇಳಿದ ಕಡೆಯಿಂದ ಬರಲಿಲ್ಲ, ಕೇಳಿದ ರೀತಿಯಲ್ಲಿಯೂ ಬರಲಿಲ್ಲ. ಅಭಿಮಾನವನ್ನು ಬಿಟ್ಟು ಮೂರು ಮನೆಗಳ ಬಾಗಿಲು ತಟ್ಟಬೇಕಾಯಿತು. ಪಂಡಿತನು ತಾನು ಕೀಳೆಂದು ಎಣಿಸಿದ ಪಂಕ್ತಿಯಲ್ಲಿ ಕುಳಿತು ಬಡವರ ಊಟವಾದ ಜೋಳದ ರೊಟ್ಟಿಯನ್ನು ಕೈಯೊಡ್ಡಿ ತೆಗೆದುಕೊಳ್ಳಬೇಕಾಯಿತು. ಹೊಟ್ಟೆಯ ರೋಗಕ್ಕಿಂತ ಮೊದಲು ಮನಸ್ಸಿನ ರೋಗವು ಹೋಯಿತು. ಆ ರೋಗವು ಹೋಗದಿದ್ದರೆ ಕನ್ನಡಕ್ಕೆ ಹರಿಕಥಾಮೃತಸಾರವು ದೊರೆಯುತ್ತಿರಲಿಲ್ಲ. ಅವರು ಬೇಡಿದುದು ಆರೋಗ್ಯ. ದೊರೆತುದು ಅದಕ್ಕಿಂತ ಹೆಚ್ಚಿನದು.

ಇನ್ನು ಗೋಪಾಲದಾಸರ ಕಡೆಗೆ ನೋಡಿರಿ. ಇವರು 1721ರಲ್ಲಿ ದೇವದುರ್ಗದ ಸೀಮೆಯ ಮೊಸರಕಲ್ಲಿನಲ್ಲಿ ಭಾಗಣ್ಣನೆಂಬ ಹೆಸರಿನಿಂದ ಹುಟ್ಟಿದವರು. ತಂದೆಯು ತೀರಿಕೊಂಡ ಮೇಲೆ ಮನೆಗೆ ಬಡತನ ಬಂದಿತು. ತಾಯಿಯು ಮಕ್ಕಳನ್ನು ಕಟ್ಟಿಕೊಂಡು ಊರನ್ನು ಬಿಡಬೇಕಾಯಿತು. ಅಂತಹ ದುಃಖದ ಕಾಲದಲ್ಲಿ ಭಾಗಣ್ಣನು ಗಾಯತ್ರೀಜಪವನ್ನು ಹಿಡಿದನು. ಮುಂದೆ ಈಗ ತೆಲಂಗಾಣಕ್ಕೆ ಸೇರಿರುವ ಉತ್ತನೂರಿನಲ್ಲಿ ನೆಲೆಸಿದರು. 1762ರಲ್ಲಿ, ನಲವತ್ತೊಂದರ ವಯಸ್ಸಿನಲ್ಲಿ, ಇಹಲೋಕವನ್ನು ಬಿಟ್ಟರು. ಜಗನ್ನಾಥದಾಸರಾದರೋ ಎಂಬತ್ತನ್ನು ದಾಟಿ ಬದುಕಿದರು. ಪರಂಪರೆಯ ಕಥೆಯನ್ನೂ ಈ ಇಸವಿಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮನಸ್ಸು ಸ್ತಬ್ಧವಾಗುತ್ತದೆ. ಒಬ್ಬನ ಪ್ರಾರ್ಥನೆಗೆ ಉತ್ತರವು ಮತ್ತೊಬ್ಬನ ಬಾಳಿನಿಂದ ಬಂದಿತು; ಆದರೆ ಕೊಟ್ಟವನು ತನ್ನದನ್ನು ಕೊಟ್ಟನು, ತಿಳಿದು ಕೊಟ್ಟನು, ಸಂತೋಷದಿಂದ ಕೊಟ್ಟನು.

ಈಗ ಮುತ್ತು ಕಟ್ಟಿಸುವ ಹರಕೆಯನ್ನು ಇದರ ಪಕ್ಕದಲ್ಲಿಟ್ಟು ತೂಗಿರಿ. ಅಲ್ಲಿ ತನ್ನ ಸುಖಕ್ಕಾಗಿ ಪರರ ಆಯುಷ್ಯವನ್ನು ಕೊಡುವುದು. ಇಲ್ಲಿ ಪರರ ಸುಖಕ್ಕಾಗಿ ತನ್ನ ಆಯುಷ್ಯವನ್ನು ಕೊಡುವುದು. ಎರಡೂ ದೇವರ ಹೆಸರಿನಲ್ಲಿಯೇ ನಡೆದವು. ಯಾವುದು ಭಕ್ತಿ, ಯಾವುದು ಭಯ ಎಂಬುದನ್ನು ನಾವು ಹೇಳಬೇಕಾದುದಿಲ್ಲ.

ದಾಸಕೂಟದ ಹಿರಿಯರಾದ ವಿಜಯದಾಸರೂ ಇದೇ ಸೀಮೆಯವರೇ. ತುಂಗಭದ್ರೆಯ ದಂಡೆಯ ಮೇಲಿರುವ ಚೀಕಲಪರ್ವಿಯು ಅವರ ಜನ್ಮಸ್ಥಳ. ಎಳೆಯ ವಯಸ್ಸಿನಲ್ಲಿ ಅವರ ಮನೆಯವರು ಉಂಡ ಬಡತನವು ಅಷ್ಟಿಷ್ಟಲ್ಲ. ಊರನ್ನು ಬಿಟ್ಟು ಕಾಶಿಯವರೆಗೆ ಅಲೆದವರು ಅವರು. ಹಾಗೆ ಅಲೆದು ನೊಂದವರಾದುದರಿಂದಲೇ ನೊಂದವರನ್ನು ಕಂಡಾಗ ಅವರು ಮುಂದೆ ಹೋಗುತ್ತಿರಲಿಲ್ಲ. ಬಾಳು ಬೇಸತ್ತು ಕೂಸಿನೊಂದಿಗೆ ಪ್ರಾಣ ಕಳೆದುಕೊಳ್ಳಲು ಹೊರಟಿದ್ದ ತಾಯಿಯೊಬ್ಬಳನ್ನು ಅವರು ತಡೆದು, ಮಗಳಂತೆ ಮನೆಗೆ ಕರೆತಂದು ಸಾಕಿದರೆಂದೂ, ಆ ಕೂಸೇ ಮುಂದೆ ಮೋಹನದಾಸರಾದರೆಂದೂ ಹಿರಿಯರು ಹೇಳುವರು. ಆ ತಾಯಿಯು ಕೊನೆಯ ಗಳಿಗೆಯಲ್ಲಿ ದೇವರನ್ನು ಏನೆಂದು ಕೂಗಿದಳೋ! ಉತ್ತರವು ಆಕಾಶದಿಂದ ಇಳಿಯಲಿಲ್ಲ. ಹಾದಿಯಲ್ಲಿ ನಡೆದುಬರುತ್ತಿದ್ದ ಮನುಷ್ಯನ ರೂಪದಲ್ಲಿ ಬಂದಿತು. ಆ ಮನುಷ್ಯನು ಕಂಡೂ ಕಾಣದಂತೆ ಹೋಗಿದ್ದರೆ ಆಕೆಯ ಪ್ರಾರ್ಥನೆಗೆ ಉತ್ತರವಿಲ್ಲವಾಗುತ್ತಿತ್ತು. ನಮ್ಮ ನೆರೆಯವರ ಎಷ್ಟು ಪ್ರಾರ್ಥನೆಗಳಿಗೆ ಉತ್ತರವಾಗಬೇಕಾದವರು ನಾವೇ ಆಗಿದ್ದು, ಕಂಡೂ ಕಾಣದಂತೆ ಹೋಗಿರುವೆವೋ ಯಾರು ಬಲ್ಲರು?

ಇಷ್ಟಾದರೂ ಒಂದು ಕಠಿನವಾದ ಪ್ರಶ್ನೆ ಉಳಿಯುತ್ತದೆ. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. 1791-92ರ ಸುಮಾರಿಗೆ, ಜಗನ್ನಾಥದಾಸರು ಜೀವಿಸಿದ್ದ ಕಾಲದಲ್ಲಿಯೇ, ದಖ್ಖನಿನ ಮೇಲೆ ಡೋಗಿ ಬರವೆಂಬ ಘೋರ ಕ್ಷಾಮವು ಬಂದಿತು; ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದುದರಿಂದ ಅದಕ್ಕೆ ಆ ಹೆಸರು. 1876ರಿಂದ 1878ರ ವರೆಗೆ ಧಾತು ಈಶ್ವರ ಸಂವತ್ಸರಗಳ ಬರವು ತೆಂಕಣ ಭಾರತದಲ್ಲಿ ಲಕ್ಷಾಂತರ ಜನರನ್ನು ನುಂಗಿತು. ಅವರೆಲ್ಲ ಪ್ರಾರ್ಥಿಸಲಿಲ್ಲವೆ? ಅವರಲ್ಲಿ ನಂಬಿಕೆ ಕಡಿಮೆಯಾಗಿತ್ತೆ? ಹಾಗೆನ್ನುವವರು ದೇವರನ್ನೂ ಅರಿಯರು, ಮನುಷ್ಯರನ್ನೂ ಅರಿಯರು. ಮಗುವನ್ನು ಕಳೆದುಕೊಂಡ ತಾಯಿಗೆ ‘ನಿನ್ನ ಭಕ್ತಿಯು ಸಾಲದಾಯಿತು’ ಎಂದು ಹೇಳುವುದಕ್ಕಿಂತ ದೊಡ್ಡ ಪಾಪವಿಲ್ಲ. ಪುರಾಣಗಳೂ ಹಾಗೆ ಹೇಳುವುದಿಲ್ಲ. ಭಾಗವತದಲ್ಲಿ ಮೊಸಳೆಯ ಬಾಯಿಗೆ ಸಿಕ್ಕ ಗಜೇಂದ್ರನಿಗೆ ಬಿಡುಗಡೆಯಾದುದು ಸಾವಿರ ವರ್ಷಗಳ ಹೋರಾಟದ ತರುವಾಯ. ಕುಂತಿಯಂತೂ ಕಷ್ಟಗಳು ಮತ್ತೆ ಮತ್ತೆ ಬರಲಿ, ಕಷ್ಟ ಬಂದಾಗಲೆಲ್ಲ ಕೃಷ್ಣನ ದರ್ಶನವಾಗುವುದೆಂದು ಬೇಡಿಕೊಂಡಳು. ನಮ್ಮಂತಹ ಸಾಮಾನ್ಯರಿಗೆ ಅಷ್ಟು ಧೈರ್ಯವಿಲ್ಲ. ಆದರೂ ಈ ಕಥೆಗಳಿಂದ ತಿಳಿಯತಕ್ಕ ಒಂದು ಮಾತುಂಟು: ಕಷ್ಟವು ಬಾರದಂತೆ ತಡೆಯುವೆನೆಂದು ದೇವರು ಯಾರಿಗೂ ಭಾಷೆ ಕೊಟ್ಟಿಲ್ಲ, ಕಷ್ಟದಲ್ಲಿ ಒಬ್ಬರನ್ನೇ ಬಿಡುವುದಿಲ್ಲವೆಂಬುದೇ ಭಕ್ತರ ಅನುಭವ.

ಕ್ಷಾಮಕ್ಕೆ ಉತ್ತರವು ಬರಲೇ ಇಲ್ಲವೆಂದೂ ಹೇಳಲಾಗದು; ಬಹಳ ತಡವಾಗಿ, ಬಹಳ ಜನರ ದುಡಿಮೆಯಿಂದ ಬಂದಿತು. ಹಿಂದೆ ಮಳೆ ಹೋದಾಗ ಈ ಕಡೆಯ ಹಳ್ಳಿಗಳಲ್ಲಿ ಮಕ್ಕಳು ಹಂಚಿನ ಮೇಲೆ ಗುರ್ಜಿಯ ಬೊಂಬೆಯನ್ನಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೆ ಬರುತ್ತಿದ್ದರು. ಮನೆಯೊಡತಿಯು ಅದರ ಮೇಲೆ ಕೊಡ ನೀರು ಸುರಿದು ಮರದಲ್ಲಿ ಜೋಳ ಹಾಕುವಳು. ಮನೆಯಲ್ಲಿದ್ದ ಕೊನೆಯ ಕೊಡದ ನೀರನ್ನು ಸುರಿದು ಮಳೆಯನ್ನು ಬೇಡುವ ಆ ಪದ್ಧತಿಯಲ್ಲಿ ಎಷ್ಟು ನಂಬಿಕೆ! ಹೊಸಪೇಟೆಯ ಬಳಿ ತುಂಗಭದ್ರೆಗೆ ಅಣೆಕಟ್ಟನ್ನು ಕಟ್ಟಲು 1945ರಲ್ಲಿ ಶಂಕುಸ್ಥಾಪನೆಯಾಯಿತು. 1953ರಲ್ಲಿ ಅಣೆಕಟ್ಟು ಸಿದ್ಧವಾಯಿತು. ಅದರ ಎಡದಂಡೆಯ ಕಾಲುವೆಯು ಕೊಪ್ಪಳದ ಸೀಮೆಯನ್ನು ದಾಟಿ ಸಿಂಧನೂರು ಮಾನ್ವಿಗಳ ಎರೆಭೂಮಿಗೆ ನೀರನ್ನು ತರುತ್ತದೆ. ಆ ನೀರಿನಲ್ಲಿ ಬೆಳೆದ ಅಕ್ಕಿಯನ್ನು ಈಗ ನಾಡಿನ ಎಷ್ಟೋ ಊರುಗಳ ಜನರು ಉಣ್ಣುತ್ತಾರೆ. ಕಾಲುವೆಯ ಕೊನೆಯಲ್ಲಿರುವ ಹೊಲಗಳಿಗೆ ನೀರು ಸಾಲದೆಂಬ ಗೋಳು ಮಾತ್ರ ತಪ್ಪಿಲ್ಲ. ಮೇಲಿನವರು ಮಿತಿಯಿಂದ ಬಳಸಿದರೆ ಕೆಳಗಿನವರ ಪ್ರಾರ್ಥನೆಯು ಈಡೇರೀತು. ಇಲ್ಲಿ ದೇವರನ್ನು ದೂರುವುದಕ್ಕೆ ಮೊದಲು ನೆರೆಹೊರೆಯವರು ತಮ್ಮ ತಮ್ಮ ತೂಬುಗಳನ್ನು ನೋಡಿಕೊಳ್ಳುವುದು ನ್ಯಾಯ.

2024ರ ಆಗಸ್ಟ್ 10ರ ರಾತ್ರಿ ನಡೆದ ಸಂಗತಿಯನ್ನು ಈ ಕಡೆಯ ರೈತರು ಮರೆಯಲಾರರು. ಅಣೆಕಟ್ಟಿನ 33 ತೂಬುಬಾಗಿಲುಗಳಲ್ಲಿ 19ನೆಯದರ ಸರಪಳಿಯು ತುಂಡಾಗಿ ಬಾಗಿಲೇ ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಜಲಾಶಯದ ನೀರು ಹೊಳೆಗೆ ಹರಿಯತೊಡಗಿತು. ಒತ್ತಡವನ್ನು ತಗ್ಗಿಸಲು ಉಳಿದ ಬಾಗಿಲುಗಳನ್ನೂ ತೆರೆಯಬೇಕಾಯಿತು. ನಾಟಿಯಾಗಿದ್ದ ಗದ್ದೆಗಳ ಗತಿಯೇನೆಂದು ಹಳ್ಳಿಹಳ್ಳಿಗಳಲ್ಲಿ ಜನರು ಕಂಗಾಲಾದರು, ದೇವರಿಗೆ ಮೊರೆಯಿಟ್ಟರು. ಅದೇ ಸಮಯದಲ್ಲಿ ಕನ್ನಯ್ಯ ನಾಯ್ಡು ಅವರಂತಹ ಅನುಭವಿ ಎಂಜಿನಿಯರರ ಮಾರ್ಗದರ್ಶನದಲ್ಲಿ ಕೆಲಸಗಾರರು ಭೋರ್ಗರೆಯುವ ನೀರಿನ ನಡುವೆಯೇ ಉಕ್ಕಿನ ತಡೆಗಳನ್ನು ಒಂದೊಂದಾಗಿ ಇಳಿಸಿ, ಒಂದು ವಾರದೊಳಗೆ ಆ ಕಿಂಡಿಯನ್ನು ಮುಚ್ಚಿದರು. ಆ ಮೇಲೆ ಮಳೆಯಾಗಿ ಜಲಾಶಯವು ಪುನಃ ತುಂಬಿತು. ಮೊರೆಯಿಟ್ಟವರು ದೇವರು ಕಾಪಾಡಿದನೆಂದರು. ಕೆಲಸಗಾರರ ಕೈಗಳು ಕಾಪಾಡಿದುವೆಂದು ಉಳಿದವರು ಅಂದರು. ಈ ಎರಡು ಮಾತುಗಳಿಗೆ ವಿರೋಧವೆಲ್ಲಿದೆ? ಗೋಪಾಲದಾಸರ ಕೈಯ ರೊಟ್ಟಿಯನ್ನು ದೇವರ ಉತ್ತರವೆಂದು ಒಪ್ಪಿದವರು, ಉಕ್ಕಿನ ತಡೆಯನ್ನಿಳಿಸಿದ ಕೈಗಳನ್ನೂ ಹಾಗೆಯೇ ಒಪ್ಪಬೇಕಷ್ಟೆ.

ನೀರಮಾನ್ವಿಯ ಸೀಮೆಯನ್ನು ಸುತ್ತಿ ಬಂದ ಗೃಹಸ್ಥನು ತನ್ನ ಮನೆಗೆ ಏನನ್ನು ತರಬಹುದು? ಮೊದಲನೆಯದಾಗಿ, ಕೇಳುವುದಕ್ಕೆ ನಾಚಬೇಕಾದುದಿಲ್ಲ. ಸಾಲ, ರೋಗ, ಮಗಳ ಮದುವೆ, ಮಗನ ಉದ್ಯೋಗ—ಇವು ಸಣ್ಣ ಸಂಗತಿಗಳು, ದೇವರ ಮುಂದೆ ಹೇಳತಕ್ಕವಲ್ಲವೆಂದು ಭಾವಿಸುವವರು ತಮ್ಮನ್ನು ತಾವೇ ದೊಡ್ಡವರನ್ನಾಗಿ ಮಾಡಿಕೊಳ್ಳುವರು. ಎರಡನೆಯದಾಗಿ, ಹರಕೆ ಹೊರುವುದಾದರೆ ನಮ್ಮದನ್ನು ಕೊಡುವ ಹರಕೆಯನ್ನು ಹೊರಬೇಕು: ನಮ್ಮ ಒಂದು ಹೊತ್ತಿನ ಊಟ, ನಮ್ಮ ಒಂದು ದುಶ್ಚಟ, ನಮ್ಮ ಒಂದು ಹಗೆ. ಮಗುವಿನ ಬಾಳನ್ನಾಗಲಿ ಮೂಕಪ್ರಾಣಿಯ ಜೀವವನ್ನಾಗಲಿ ಒಡ್ಡಬಾರದು. ಮೂರನೆಯದಾಗಿ, ಪ್ರಾರ್ಥನೆಯು ಪ್ರಯತ್ನಕ್ಕೆ ಬದಲಲ್ಲ. ಮಗುವಿಗೆ ಜ್ವರ ಬಂದಾಗ ದೇವರ ದೀಪವನ್ನು ಹಚ್ಚಿರಿ; ಹಚ್ಚಿ, ಆ ಕ್ಷಣವೇ ವೈದ್ಯರಲ್ಲಿಗೆ ಹೊರಡಿರಿ. ಆ ವೈದ್ಯನೇ ನಿಮಗೆ ಬರಬೇಕಾದ ಉತ್ತರವಾಗಿರಬಹುದು. ನಾಲ್ಕನೆಯದಾಗಿ, ಉತ್ತರವು ನಾವು ಬರೆದುಕೊಟ್ಟ ಪಟ್ಟಿಯಂತೆಯೇ ಬರಬೇಕೆಂದು ಹಠ ಹಿಡಿಯಬಾರದು. ಹೊಟ್ಟೆನೋವು ಹೋಗಲೆಂದು ಬೇಡಿದ ಪಂಡಿತನಿಗೆ ದಾಸ್ಯವು ದೊರೆಯಿತು.

ಸಂಜೆಯ ದೀಪದ ಹೊತ್ತಿಗೆ ಮನೆಯವರೆಲ್ಲ ಕೂಡಿ ಕುಳಿತುಕೊಳ್ಳುವ ಪದ್ಧತಿಯು ಈಚೆಗೆ ಕಡಿಮೆಯಾಗುತ್ತ ಬಂದಿದೆ. ಕಷ್ಟವು ಮನೆಗೆ ಬಂದಾಗ ಹಿರಿಯರು ಅದನ್ನು ಒಳಗೊಳಗೇ ಇಟ್ಟುಕೊಂಡು ಕೊರಗುತ್ತಾರೆ. ಮಕ್ಕಳು ಮುಖವನ್ನು ನೋಡಿಯೇ ಹೆದರುತ್ತಾರೆ. ಹಾಗಲ್ಲದೆ, ದೇವರ ಮುಂದೆ ಕುಳಿತು ‘ಇಂಥ ತೊಂದರೆ ಬಂದಿದೆ, ಎಲ್ಲರೂ ಕೂಡಿ ನಡೆಸೋಣ, ನಮಗೆ ಬಲವನ್ನು ಕೊಡು’ ಎಂದು ಬಾಯಿಬಿಟ್ಟು ಹೇಳಿದರೆ, ಆ ಮಾತನ್ನು ದೇವರು ಕೇಳುವನೆಂಬುದು ಹಾಗಿರಲಿ, ಮನೆಯವರು ಒಬ್ಬರದನ್ನೊಬ್ಬರು ಕೇಳುತ್ತಾರೆ. ಅರ್ಧ ಭಾರವು ಅಲ್ಲಿಯೇ ಇಳಿಯುತ್ತದೆ.

ನೀರಮಾನ್ವಿಯನ್ನು ನೋಡಬೇಕೆಂಬವರು ರಾಯಚೂರಿನವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಮಾನ್ವಿಯ ಬಸ್ಸನ್ನು ಹಿಡಿಯಬಹುದು. ಮಳೆಗಾಲ ಮುಗಿದ ಮೇಲಿನ ತಿಂಗಳುಗಳು ಪ್ರಯಾಣಕ್ಕೆ ಅನುಕೂಲ. ಬೇಸಗೆಯ ಬಿಸಿಲು ಹೊಸಬರಿಗೆ ತಡೆಯದು. ಭಾದ್ರಪದ ಶುದ್ಧ ನವಮಿಯ ಹೊತ್ತಿಗೆ ಬಂದರೆ ಮಾನ್ವಿಯಲ್ಲಿ ಜಗನ್ನಾಥದಾಸರ ಆರಾಧನೆಯನ್ನೂ ನೋಡಬಹುದು. ಅನುಕೂಲವಿದ್ದವರು ಚೀಕಲಪರ್ವಿಗೆ ಹೋಗಿ ತುಂಗಭದ್ರೆಯಲ್ಲಿ ಮಿಂದು ಬರಲಿ. ಬರುವಾಗ ಕೈಯಲ್ಲಿ ಹಣ್ಣುಕಾಯಿಗಳೊಂದಿಗೆ, ಗುಡಿಯ ಅಂಗಳದಲ್ಲಿ ಕಾಣುವ ಯಾರೋ ಒಬ್ಬರ ಒಂದು ಹೊತ್ತಿನ ಊಟಕ್ಕಾಗುವಷ್ಟನ್ನು ಹೆಚ್ಚಾಗಿ ತಂದರೆ ಒಳ್ಳೆಯದು. ಅವರು ಬೆಳಗಿನಿಂದ ಏನನ್ನು ಬೇಡಿಕೊಳ್ಳುತ್ತಿದ್ದರೋ ನಮಗೆ ತಿಳಿಯದಷ್ಟೆ.